ಸೂಜಿ ತಾಗದ ತೋಳು

ಶಟ್ಟೆವ್ವ ಬೇಡ ಅಂದಳೆಂದರೆ ಬೇಡ. ಬ್ರಹ್ಮ ಬಂದು ಹೇಳಿದರೂ ಬೇಡ. ಸುರೇಬಾನದಿಂದ ಒಳಗೆ ಎರಡು ಮೈಲಿಯ ಆ ಊರಲ್ಲಿ ಇದು ಗೊತ್ತಿಲ್ಲದವರು ಇರಲಿಲ್ಲ. ಒಮ್ಮೆ ನೆಗೆಣ್ಣಿಯ ಮನೆಯ ಮದುವೆಗೆ ತನ್ನನ್ನು ಸರಿಯಾಗಿ ಕರೆಯಲಿಲ್ಲವೆಂದು ಸಿಟ್ಟಾದಳು. ಹೋಗುವುದನ್ನು ಬಿಡಲಿಲ್ಲ. ಹೋಗಿ, ಮೂರು ದಿನ ಹೋಳಿಗೆ ಲಟ್ಟಿಸಿ, ಬಂದವರಿಗೆಲ್ಲ ಬಡಿಸಿ, ತಾನು ಮಾತ್ರ ಒಂದು ತುತ್ತೂ ಮುಟ್ಟದೆ ಮನೆಗೆ ಬಂದು ತಂಗಳ ರೊಟ್ಟಿ ತಿಂದಳು. ಅಂಥ ಹೆಂಗಸು.

ಈಗ ಅವಳು ಬೇಡ ಅಂದದ್ದು ಕರೋನಾದ ಸೂಜಿಯನ್ನು. ಹೋಗಲಿ ಎನ್ನಬಹುದಿತ್ತು, ಊರಲ್ಲಿ ಬೇಡ ಅನ್ನುವವರೇ ಹೆಚ್ಚಿದ್ದರು. ಆದರೆ ಹಾಕಿಸಿಕೊಳ್ಳಿರೆಂದು ಮನೆ ಮನೆ ತಿರುಗುವ ಆಶಾ ಕಾರ್ಯಕರ್ತೆ ಬೇರೆ ಯಾರೂ ಅಲ್ಲ, ಶಟ್ಟೆವ್ವನ ಒಬ್ಬಳೇ ಸೊಸೆ ಮಾಲಾ. ಇನ್ನೇನು ಬೇಕು ಊರ ಬಾಯಿಗೆ?

"ನಿಮ್ಮತ್ತಿ ಹಾಕಿಸ್ಕೊಂಡ್ಲೇನವಾ?" ಎಂದು ಎದುರು ಮನೆಯ ರಾಚವ್ವ ಕೇಳಿದಳು. ರಾಚವ್ವ ಶಟ್ಟೆವ್ವನ ಜೋಡಿ. ಇಬ್ಬರೂ ಒಂದೇ ವರ್ಷ ಆ ಓಣಿಗೆ ಸೊಸೆಯಾಗಿ ಬಂದವರು.

"ಇನ್ನಾ ಇಲ್ಲ ಕಾಕಿ."

"ಮತ್ತ ನನಗ್ಯಾಕ ಚುಚ್ಚಾಕ ಬಂದೀ? ಹೇಳೂದು ಶಾಸ್ತ್ರ, ತಿನ್ನೂದು ಬದನಿಕಾಯಿ. ಮದಲ ಮನಿ ಗೆಲ್ಲ ತಂಗಿ, ಆಮ್ಯಾಲ ಊರು."

ಯುಗಾದಿ ಮುಗಿದ ವಾರ ತಾಲೂಕಿನ ಮೀಟಿಂಗಿನಲ್ಲೂ ಅದೇ ಮಾತಾಯಿತು. ಮೇಲಿನವರು ಮಾಲಾಳನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿ, ನಿಮ್ಮ ಮನೆಯಲ್ಲಿ ಎಷ್ಟು ಜನಕ್ಕಾಗಿದೆ ಹೇಳಿ ಎಂದರು. ಮರುದಿನ ಬೆಳಿಗ್ಗೆ ಮಾಲಾ ಇಲಾಖೆಯ ಗುಲಾಬಿ ಸೀರೆ ಉಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ಹೇಳಿದಳು. ಶಟ್ಟೆವ್ವ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು.

"ನಾ ತಲಿ ಕೆಳಗ ಹಾಕಿ ನಿಂತೆ ಅತ್ತಿ."

"ತಲಿ ಮ್ಯಾಲ ಮಾಡಿ ನಿಂದರಬೇಕಿತ್ತು. ನೀ ಏನ ಕಳುವು ಮಾಡೀಯೇನ?"

"ಹಂಗಲ್ರಿ. ಒಂಬತ್ತ ವರ್ಷದ ಕೆಲಸ ಐತಿ. ಬ್ಯಾರೆದಾಕೀನ್ನ ನೋಡಬೇಕಾಗತೈತಿ ಅಂದ್ರು."

"ನೋಡಲಿ. ಈ ಬಿಸಲಾಗ ತಿರಗಾಕ ಮತ್ತ್ಯಾವ ಹುಚ್ಚಿ ಸಿಗತಾಳ?"

ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದ ಮಾವ ಮಲಕಾಜಪ್ಪ ಅಲ್ಲಿಂದಲೇ ಬಾಯಿ ಹಾಕಿದ. "ಏ, ಹಾಕಿಸ್ಕೊಂಡ ಬಿಡ. ನಾನೂ ಬರತೇನಿ, ಇಬ್ಬರೂ ಕೂಡೇ ಹಾಕಿಸ್ಕೊಳ್ಳೂಣು. ಬರೇ ಒಂದ ಸೂಜಿ, ಏನ ಆಗತೈತಿ?"

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಹೆಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂತು. ಶಟ್ಟೆವ್ವ ಅದನ್ನು ತಿರುವಿ ಹಾಕಿ, ಮತ್ತೊಂದು ಹಿಟ್ಟಿನ ಉಂಡೆ ತೆಗೆದುಕೊಂಡು ಬಡಿಯತೊಡಗಿದಳು. ಮಲಕಾಜಪ್ಪ ಚಹಾದ ಬಟ್ಟಲು ಅಲ್ಲಿಯೇ ಇಟ್ಟು ಹೊಲಕ್ಕೆ ಹೋದ.

ಮಾಲಾಳಿಗೆ ಇದರ ಹಿಂದಿನದು ಗೊತ್ತಿತ್ತು, ರಾಚವ್ವ ಎಂದೋ ಹೇಳಿದ್ದಳು. ಸುಮಾರು ನಲವತ್ತು ವರ್ಷದ ಹಿಂದೆ ಶಟ್ಟೆವ್ವನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವ ಸಿದ್ದರಾಮ ಐದು ವರ್ಷದವ, ಸಣ್ಣವ ಮಾಂತೇಶ, ಈಗ ಮಾಲಾಳ ಗಂಡ, ಆಗಿನ್ನೂ ಎದೆಹಾಲು ಕುಡಿಯುತ್ತಿದ್ದ. ಮಕ್ಕಳಾಗದ ಆಪರೇಶನ್ನಿನ ಕ್ಯಾಂಪು ಬಂತು. ಎರಡು ಸಾಕು, ಬರೇ ಒಂದು ಸೂಜಿ ಚುಚ್ಚತಾರ, ಸಂಜೀಕ ಮನಿಗೆ ಬರತೀ ಎಂದು ಆಗಿನ ನರ್ಸು ಹೇಳಿದ್ದಳು. ಮಲಕಾಜಪ್ಪನೇ ಹೆಬ್ಬಟ್ಟು ಒತ್ತಿ, ಗಾಡಿ ಕಟ್ಟಿ ಹೆಂಡತಿಯನ್ನು ಒಯ್ದ. ಅವಳಿಗೆ ಕೊಟ್ಟದ್ದು ಒಂದು ಸ್ಟೀಲಿನ ಡಬ್ಬಿ. ಮುಂದಿನ ಮಳೆಗಾಲದಲ್ಲಿ ಸಿದ್ದರಾಮ ಎರಡೇ ದಿನದ ವಾಂತಿಭೇದಿಗೆ ಹೋದ. ಆಮೇಲೆ ಶಟ್ಟೆವ್ವ ತಾನೇ ದವಾಖಾನೆಗೆ ಹೋಗಿ, ಇದನ್ನು ಬಿಚ್ಚಲಿಕ್ಕೆ ಬರತೈತೇನ್ರಿ ಎಂದು ಕೇಳಿದಳಂತೆ. ಅಲ್ಲಿದ್ದವರು ನಕ್ಕರಂತೆ. ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ ಎನ್ನುವ ಊರು ಅದು. ಅವಳು ಅದನ್ನೆಲ್ಲ ಕೇಳಿಕೊಂಡೇ ಬದುಕಿದಳು. ಗಂಡನಿಗೆ ಒಂದು ಮಾತು ಅನ್ನಲಿಲ್ಲ. ಆದರೆ ಅಂದಿನಿಂದ ಅವಳ ಮೈಗೆ ಸೂಜಿ ತಾಗಲಿಲ್ಲ. ಜ್ವರ ಬಂದರೆ ಕಷಾಯ, ಹಲ್ಲು ನೋವಿಗೆ ಲವಂಗ. ಬಣವೆಯಿಂದ ಬಿದ್ದು ಕೈ ಮುರಿದಾಗಲೂ ನಾಟಿ ವೈದ್ಯನೇ ಬಿದಿರ ಪಟ್ಟಿ ಕಟ್ಟಿದ.

ಇದನ್ನು ಅಂಜಿಕೆ ಅನ್ನಿ, ಹಟ ಅನ್ನಿ. ಮೀಟಿಂಗಿನಲ್ಲಿ ಹಂಚುವ ಚೀಟಿಗಳಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ಕ್ಯಾಂಪಿನ ಹಿಂದಿನ ದಿನ ಮಾಲಾ ಹಿತ್ತಲಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಮೊರ ಆಡುತ್ತಿತ್ತು, ಕಣ್ಣಲ್ಲಿ ನೀರೂ ಇಳಿಯುತ್ತಿತ್ತು. ಊರಲ್ಲಿ ನಲವತ್ತೈದು ದಾಟಿದವರು ಮುನ್ನೂರು ಮಂದಿ. ಬರುತ್ತೇನೆ ಅಂದವರು ಹನ್ನೊಂದು. ಶಟ್ಟೆವ್ವ ಬಂದು ಪಕ್ಕದಲ್ಲಿ ಕೂತು ಮೊರ ಕಸಿದುಕೊಂಡಳು.

"ಅಳಬ್ಯಾಡ. ಕಣ್ಣೀರ ಬಿದ್ರ ಕಾಳಿಗೆ ನುಸಿ ಹತ್ತತೈತಿ. ನಾಳೆ ಬರತೇನಿ ನಿನ್ನ ಕ್ಯಾಂಪಿಗೆ."

ಮಾಲಾ ಮುಖ ಎತ್ತಿದಳು. "ಖರೇನಾ ಅತ್ತಿ?"

"ಬರತೇನಿ, ಪಾಳಿ ಹಚ್ಚತೇನಿ, ಹೆಸರ ಬರಸ್ತೇನಿ. ಒಳಗ ಹೋದಂಗ ಮಾಡಿ ಸಾಲಿ ಹಿಂದಿನ ಬಾಗಲಲೆ ಮನಿಗೆ ಹೋಗತೇನಿ. ನೀ ಹೆಸರ ಮುಂದ ಟಿಕ್ ಹೊಡಕೋ. ಓಣ್ಯಾಗಿನ ಹೆಂಗಸರನ್ನ ನಾ ಹೊರಡಸ್ತೇನಿ."

"ಅಯ್ಯ, ಹಂಗ ಮಾಡಾಕ ಬರೂದಿಲ್ರಿ! ಅದು ಸುಳ್ಳ ಆಗತೈತಿ."

"ಆಗಲಿ ಬಿಡ. ನಿನ್ನ ಕೆಲಸಾನೂ ಉಳೀತೈತಿ, ನನ್ನ ಮೈನೂ ಉಳೀತೈತಿ. ನನ್ನೊಬ್ಬಾಕೀದ ಒಂದ ಸೂಜಿ ಇಲ್ಲಂದ್ರ ಸರಕಾರ ಬೀಳತೈತೇನ?"

ಮಾಲಾ ಇಲ್ಲ ಇಲ್ಲ ಅಂದಳು. ಆಮೇಲೆ ಸುಮ್ಮನಾದಳು. ಆ ಸುಮ್ಮನಿದ್ದದ್ದೇ ಒಪ್ಪಿಗೆ ಆಯಿತು. ಶಟ್ಟೆವ್ವ ಕಾಳು ಕೇರುತ್ತ ಮತ್ತೊಂದು ಮಾತು ಹೇಳಿದಳು.

"ನಿಮ್ಮ ಮಾವಗೂ ಹೇಳಬ್ಯಾಡ."

"ಅವರಿಗ್ಯಾಕ್ರಿ?"

"ಆವತ್ತ ಬರೇ ಒಂದ ಸೂಜಿ ಅಂದ್ರಲ್ಲ, ನೀನೂ ಕೇಳೀಯಲ್ಲ. ಅಂದಮ್ಯಾಲ ಅವರ ಮಾರಿ ನೋಡಿದೇನ? ಚಹಾ ಸೈತ ಪೂರಾ ಕುಡೀಲಿಲ್ಲ. ನಾ ಇಲ್ಲ ಅಂದ್ರ, ಇಕಿ ಇನ್ನಾ ಹಳೇದ ಮನಸಿನ್ಯಾಗ ಇಟ್ಕೊಂಡಾಳ ಅಂತ ತಿಳಕೋತಾರ. ಹಾಕಿಸ್ಕೊಂಡ್ಲು ಅಂತ ಗೊತ್ತಾದ್ರ ಅವರ ಜೀವಕ್ಕೂ ಸಮಾಧಾನ."

ಮರುದಿನ ಶಾಲೆಯಲ್ಲಿ ಕ್ಯಾಂಪು. ವೆರಾಂಡದಲ್ಲಿ ಕೂತು ಆಧಾರ ನೋಡಿ ಹೆಸರು ಬರೆದು ಒಳಗೆ ಕಳಿಸುವುದು, ಕೊನೆಗೆ ಎಲ್ಲರ ಹೆಸರಿನ ಮುಂದೆ ಟಿಕ್ ಹಾಕಿ ಪುಸ್ತಕ ಒಪ್ಪಿಸುವುದು ಮಾಲಾಳ ಕೆಲಸ. ಒಳಗಿನ ಕೋಣೆಯಲ್ಲಿ ಇಂದ್ರವ್ವ ಸಿಸ್ಟರ್ ಒಬ್ಬರೇ ಸೂಜಿ ಹಾಕುತ್ತಿದ್ದರು. ಮಲಕಾಜಪ್ಪ ಹೋಗಿ ತೋಳು ಒಡ್ಡಿ ಬಂದ. ಹಿಂದೆ ಶಟ್ಟೆವ್ವ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಾತ್ರೆಗೆ ಹೊರಟವಳ ಹಾಗೆ ಒಳಗೆ ಹೋದಳು. ಗದ್ದಲದಲ್ಲಿ ಹಿಂದಿನ ಬಾಗಿಲಿಂದ ಹೊರಬಿದ್ದು, ಸುತ್ತು ಹಾಕಿ ಬಂದು, ಅರಳಿ ಕಟ್ಟೆಯ ಮೇಲೆ ಕೂತಳು. ತೋಳಿಗೊಂದು ಅರಳೆ ಒತ್ತಿ ಹಿಡಿದಿದ್ದಳು. ಅದು ದೇವರ ಬತ್ತಿ ಹೊಸೆಯುವ ಅರಳೆ, ಮನೆಯಿಂದಲೇ ತಂದದ್ದು.

"ಏನಾತ? ನೋವ ಆತೇನ?" ರಾಚವ್ವ ಓಡಿ ಬಂದಳು.

"ನೋವ ಎಲ್ಲೀದ? ಇರಿವಿ ಕಡದಂಗ ಆತು, ಮುಗೀತು. ಮೂರ ಹಡದಾಕಿ ನೀ, ಇದಕ್ಕ ಅಂಜತೀ? ನಾಚಿಕಿ ಬರಬೇಕು. ಏಳ, ಪಾಳಿ ಹಚ್ಚ!"

ಕೈ ಹಿಡಿದು ಎಳೆದುಕೊಂಡು ಹೋಗಿ ರಾಚವ್ವನನ್ನು ಸಾಲಿನಲ್ಲಿ ನಿಲ್ಲಿಸಿದಳು. ಆಮೇಲೆ ಮನೆ ಮನೆಯ ಕದ ಬಡಿದಳು. ಶಟ್ಟೆವ್ವನೇ ಹಾಕಿಸಿಕೊಂಡಳಂತೆ ಎಂದ ಮೇಲೆ ಇನ್ನು ಯಾರು ಹಿಂದೆ ನಿಲ್ಲುತ್ತಾರೆ? ಹನ್ನೊಂದು ಅಂದದ್ದು ಸಂಜೆಗೆ ಎಪ್ಪತ್ತನಾಲ್ಕಾಯಿತು. ಇಂದ್ರವ್ವ ಸಿಸ್ಟರ್ ಮಾಲಾಳ ಬೆನ್ನು ತಟ್ಟಿ, "ನಿಮ್ಮತ್ತೀನ ನನಗ ಕೊಟ್ಟ ಬಿಡವಾ, ಇಡೀ ತಾಲೂಕ ಮುಗಸ್ತೇನಿ" ಎಂದರು.

ಮಾಡಿದ ಸೋಗು ಪೂರ್ತಿ ಆಗಬೇಕಲ್ಲ! ಎರಡು ದಿನ ಶಟ್ಟೆವ್ವ ತೋಳು ನೋವೆಂದು ರೊಟ್ಟಿ ಬಡಿಯಲಿಲ್ಲ. ಮಾಲಾಳೇ ಬಡಿದಳು, ದಪ್ಪಗೆ, ಅಂಚು ಸೀಳಿ. ಅತ್ತೆ ಮೂಲೆಯಲ್ಲಿ ಕೂತು, "ಇದೇನ ರೊಟ್ಟಿ ಅನ್ನೂಣೋ, ಚಪ್ಪಲಿ ಅನ್ನೂಣೋ" ಎಂದು ನಗಾಡಿದಳು. ಮೊಮ್ಮಗಳು ಮಧು ಬಿದ್ದು ಬಿದ್ದು ನಕ್ಕಳು. ಮಲಕಾಜಪ್ಪನಿಗೆ ಖರೇನೇ ತೋಳು ನೋಯುತ್ತಿತ್ತು. ಆದರೂ ತನ್ನದು ಬಿಟ್ಟು, ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ, ಹೆಂಡತಿಯ ತೋಳಿಗೆ ಶಾಖ ಕೊಟ್ಟ.

"ಇಲ್ಲೇನ? ಇನ್ನಷ್ಟ ಮ್ಯಾಲೇನ?"

"ಅಲ್ಲೇ, ಅಲ್ಲೇ" ಎಂದು ಶಟ್ಟೆವ್ವ ಕಣ್ಣು ಮುಚ್ಚಿಕೊಂಡಳು. ಗಂಡ ಹಾಗೆ ತನ್ನ ಕೈ ಹಿಡಿದು ಎಷ್ಟು ವರ್ಷವಾಗಿತ್ತೋ ಏನೋ. ಅದನ್ನು ನೋಡಿದ ಮಾಲಾಳಿಗೆ, ಸುಳ್ಳಾದರೂ ಒಳ್ಳೆಯದೇ ಆಯಿತು ಅನ್ನಿಸಿತು. ಅನ್ನಿಸಬಾರದಿತ್ತು.

ಮೇ ತಿಂಗಳಲ್ಲಿ ಓಣಿಗೆ ಜ್ವರ ಬಂತು. ಮಾಲಾ ದಿನವೂ ಜ್ವರದವರ ಮನೆ ಹೊಕ್ಕು ಬರುತ್ತಿದ್ದಳು. ಬಂದವಳು ಹಿತ್ತಲಲ್ಲಿಯೇ ಮೈ ತೊಳೆದು ಒಳಗೆ ಬರುತ್ತಿದ್ದಳು. ಎಲ್ಲಿಂದ ಬಂತೋ, ಯಾರಿಂದ ಬಂತೋ ಹೇಳುವವರು ಯಾರು? ಒಂದೇ ವಾರದಲ್ಲಿ ರಾಚವ್ವನೂ ಮಲಗಿದಳು, ಶಟ್ಟೆವ್ವನೂ ಮಲಗಿದಳು. ಮಲಕಾಜಪ್ಪನಿಗೆ ಎರಡು ದಿನ ಮೈ ಕಾದು ಬಿಟ್ಟಿತು. ರಾಚವ್ವ ಐದನೆಯ ದಿನ ಎದ್ದು ಗಂಜಿ ಕುಡಿದಳು. ಶಟ್ಟೆವ್ವ ಏಳಲಿಲ್ಲ. ಆರನೆಯ ದಿನ ಬೆಳಿಗ್ಗೆ ಮಾಲಾ ಬೆರಳಿಗೆ ಆಕ್ಸಿಜನ್ ಅಳೆಯುವ ಮಿಷನ್ನು ಹಾಕಿ ನೋಡಿದರೆ ಎಂಬತ್ತೆರಡು ತೋರಿಸಿತು.

ರಾಮದುರ್ಗದ ದವಾಖಾನೆಯಲ್ಲಿ ಡಾಕ್ಟರು ಮೂಗಿಗೆ ಆಕ್ಸಿಜನ್ ಹಚ್ಚಿಸಿ ಕೇಳಿದರು. "ಲಸಿಕೆ ಆಗಿದೆಯಾ?"

"ಆಗೈತ್ರಿ ಸಾಹೇಬ್ರ," ಮಲಕಾಜಪ್ಪ ಮುಂದೆ ಬಂದ. "ಒಂದ ಆಗೈತಿ. ನಾನ ಕರಕೊಂಡ ಹೋಗಿದ್ದೆ."

ಡಾಕ್ಟರು ಬರೆದುಕೊಂಡರು. ಮಾಲಾ ಬಾಯಿ ತೆರೆದಳು. ಹಾಸಿಗೆಯ ಮೇಲಿಂದ ಶಟ್ಟೆವ್ವ ಅವಳನ್ನೇ ನೋಡುತ್ತಿದ್ದಳು. ಮಾತಾಡಲು ಉಸಿರಿರಲಿಲ್ಲ. ಬೇಡ ಎಂದು ತಲೆ ಮಾತ್ರ ಅಲ್ಲಾಡಿಸಿದಳು. ಮಾಲಾ ಬಾಯಿ ಮುಚ್ಚಿದಳು. ಇದಾದ ಮೇಲೆ ಅವಳು ಅತ್ತೆಯ ಬಾಯಿಂದ ಒಂದು ಮಾತನ್ನೂ ಕೇಳಲಿಲ್ಲ. ಮಧ್ಯಾಹ್ನ ಬೆಳಗಾವಿಗೆ ಒಯ್ಯಿರಿ ಅಂದರು. ಯರಗಟ್ಟಿ ದಾಟುವುದರೊಳಗೆ ಎಲ್ಲ ಮುಗಿದಿತ್ತು.

ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ದೇಹವನ್ನು ತಮ್ಮದೇ ಹೊಲದ ಬದುವಿನಲ್ಲಿ ನಾಲ್ಕು ಮಂದಿ ಮಣ್ಣು ಮಾಡಿದರು. ಮಾಂತೇಶನಿಗೆ ತಾಯಿಯ ಮುಖ ನೋಡಲಿಕ್ಕೂ ಕೊಡಲಿಲ್ಲ. ಊರು ತುಂಬ ಓಡಾಡಿ ಹೋಳಿಗೆ ಲಟ್ಟಿಸಿದವಳಿಗೆ, ಎಷ್ಟೋ ಹೆಂಗಸರ ಬಾಣಂತನ ಮಾಡಿದವಳಿಗೆ, ಅಳಲು ಬಂದವರು ಯಾರೂ ಇಲ್ಲ. ಕದ ಹಾಕಿಕೊಂಡು ಒಳಗೇ ಅತ್ತರು. ಎಂಥ ಕೆಟ್ಟ ಕಾಲ ಅದು!

ಹತ್ತು ದಿನ ಆಗಿರಲಿಲ್ಲ, ಮಾತು ಎದ್ದಿತು. ಸೂಜಿ ಹಾಕಿಸಿಕೊಂಡ ತಿಂಗಳಲ್ಲೇ ಹೋದಳು. ಕಲ್ಲಿನಂಥ ಹೆಂಗಸು, ಒಂದು ದಿನ ಮಲಗಿದವಳಲ್ಲ. ಸೂಜಿಯೇ ತಿಂದಿತು. ಕಿರಾಣಿ ಅಂಗಡಿಯ ಯಮನಪ್ಪ ಬಂದವರಿಗೆಲ್ಲ ಅದನ್ನೇ ಹೇಳಿದ. ಮಾಲಾ ಮನೆ ಮುಂದೆ ಬಂದರೆ ಹೆಂಗಸರು ಒಳಗೆ ಸರಿದರು. "ಅತ್ತೀನ್ನ ಕಳಿಸಿದಿ, ಈಗ ನಮ್ಮನ್ನೂ ಕಳಸ್ತೀಯೇನವಾ?" ಎಂದು ಒಬ್ಬಳು ಕಿಟಕಿಯಿಂದಲೇ ಕೇಳಿದಳು. ಎರಡನೆಯ ಸೂಜಿಗೆ ಹೆಸರು ಕೊಡಲು ಒಬ್ಬರೂ ಇಲ್ಲ.

ಊರ ಮಾತು ಹಾಳಾಗಿ ಹೋಗಲಿ. ಮನೆಯೊಳಗೆ ಮಲಕಾಜಪ್ಪ ಅನ್ನ ಬಿಡತೊಡಗಿದ್ದ. ತಾಟಿನಲ್ಲಿ ಎರಡು ರೊಟ್ಟಿ ಹಾಕಿದರೆ ಅರ್ಧ ಮುರಿದು ಕೈ ತೊಳೆಯುತ್ತಿದ್ದ. ಬೀಪಿಯ ಗುಳಿಗೆ ಕೊಟ್ಟರೆ ಕಿಸೆಯಲ್ಲಿಟ್ಟು ಹೊಲದಲ್ಲಿ ಚೆಲ್ಲುತ್ತಿದ್ದ.

"ಅಜ್ಜಾ, ಇನ್ನೊಂದ ತುತ್ತ ಉಣ್ಣ" ಎಂದಳು ಮಧು ಒಂದು ದಿನ.

"ನನಗ್ಯಾಕವ್ವ ಊಟ?" ಎಂದ ಮುದುಕ. "ಒಂದ ಸಲ ಗಾಡಿ ಕಟ್ಟಿ ಒಯ್ದೆ, ಆಕಿ ಹೊಟ್ಟಿ ಬಂಜರ ಮಾಡಿದೆ. ಎರಡನೇ ಸಲ ಬಾ ಬಾ ಅಂತ ಕರಕೊಂಡ ಹೋದೆ, ಜೀವಾನ ತಗೊಂಡೆ. ಎರಡೂ ಸಲ ಬರೇ ಒಂದ ಸೂಜಿ ಅಂದಾವ ನಾನ."

ಬಡಿಸುತ್ತಿದ್ದ ಮಾಲಾಳ ಕೈಯ ಸೌಟು ಪಲ್ಯದ ಬೋಗುಣಿಯಲ್ಲೇ ಉಳಿಯಿತು.

ಆವತ್ತು ಹಿತ್ತಲಲ್ಲಿ ಟ್ರ್ಯಾಕ್ಟರಿನ ಎಣ್ಣೆ ಮೆತ್ತಿದ ಕೈ ತೊಳೆಯುತ್ತಿದ್ದ ಗಂಡನಿಗೆ ಅವಳು ಎಲ್ಲವನ್ನೂ ಹೇಳಿದಳು. ಮಾಂತೇಶನ ಕೈಯಿಂದ ಸೋಪು ಜಾರಿ ಬಿತ್ತು.

"ಆಕಿ ಹಾಕಿಸ್ಕೊಂಡ ಇರಲಿಲ್ಲಾ?"

"ಇಲ್ರಿ."

"ನನಗೂ ಹೇಳಲಿಲ್ಲ ನೀ."

"ಅವರ ಹೇಳಬ್ಯಾಡ ಅಂದಿದ್ರು."

"ಅವರ ಬಾವಿಗೆ ಬೀಳತೇನಿ ಅಂದಿದ್ರ ಹಗ್ಗ ಕೊಡತಿದ್ದೇನ?" ಅವನ ದನಿ ಓಣಿಗೆ ಕೇಳಿಸುವಷ್ಟು ಏರಿತು, ಮತ್ತೆ ಇಳಿಯಿತು. "ಯಾರ ಮುಂದೂ ಬಾಯಿ ಬಿಡಬ್ಯಾಡ. ಕೆಲಸ ಹೋಗತೈತಿ, ಕೇಸ ಆಗತೈತಿ. ಊರ ಮಂದಿ ಥೂ ಅಂತಾರ."

"ಮಾವಾರ ಸಾಯಾಕ ಹತ್ಯಾರ್ರಿ. ನೀವ ನೋಡಾಕತ್ತೀರಲ್ಲ? ತಾನ ಕೊಂದೆ ಅಂತ ತಿಳಕೊಂಡ ಅನ್ನ ಬಿಟ್ಟಾರ."

ಮಾಂತೇಶ ಸೋಪು ಹುಡುಕಿ ತೆಗೆದು, ಮಣ್ಣಾದ ಅದನ್ನೇ ಮತ್ತೆ ಕೈಗೆ ಹಚ್ಚಿಕೊಂಡ. ಅವತ್ತಿನಿಂದ ಅವನು ಹೆಂಡತಿಯ ಜೊತೆ ಬೇಕಾದಷ್ಟೇ ಮಾತಾಡಿದ.

ಜೂನು ಕಳೆಯಿತು. ಮಲಕಾಜಪ್ಪ ದಿನವೂ ಹೊಲದ ಬದುವಿಗೆ ಹೋಗಿ ಹೆಂಡತಿಯ ಮಣ್ಣಿನ ಹತ್ತಿರ ಕೂಡುತ್ತಿದ್ದ. ಬುತ್ತಿ ಒಯ್ಯುವುದು ಮಾಲಾಳ ಪಾಲಿಗೆ ಬಂತು. ಒಂದು ಮಧ್ಯಾಹ್ನ ಹೋಗಿ ನೋಡಿದರೆ ಹಿಂದಿನ ದಿನದ ಬುತ್ತಿ ಬಿಚ್ಚದೆ ಹಾಗೇ ಇತ್ತು, ಇರುವೆ ಮುತ್ತಿದ್ದವು. ಅವಳು ತಂದದ್ದನ್ನು ಕೆಳಗಿಟ್ಟಳು, ನಿಂತೇ ಇದ್ದಳು. ಇನ್ನು ಹೇಳದಿದ್ದರೆ ಈ ಮನುಷ್ಯನೂ ಇದೇ ಬದುವಿನಲ್ಲಿ ಮಲಗುತ್ತಾನೆ ಎಂದು ಅವಳಿಗೆ ಖಾತ್ರಿಯಾಯಿತು.

"ಮಾವಾರ, ಒಂದ ಮಾತ ಹೇಳಬೇಕ್ರಿ. ಅತ್ತಿ ಸೂಜಿ ಹಾಕಿಸ್ಕೊಂಡಿರಲಿಲ್ಲ."

ಮುದುಕ ತಲೆ ಎತ್ತಲಿಲ್ಲ. ಕೇಳಿಸಿತೋ ಇಲ್ಲವೋ ಎಂದು ಅವಳು ಮತ್ತೆ ಹೇಳಿದಳು. ಹಿತ್ತಲಲ್ಲಿ ಆದ ಮಾತು, ಹಿಂದಿನ ಬಾಗಿಲು, ಬತ್ತಿಯ ಅರಳೆ, ಪುಸ್ತಕದಲ್ಲಿ ತಾನು ಹಾಕಿದ ಟಿಕ್, ಒಂದನ್ನೂ ಬಿಡಲಿಲ್ಲ.

"ನಾ ಎರಡ ದಿನ ಶಾಖ ಕೊಟ್ಟೆ" ಎಂದ ಮಲಕಾಜಪ್ಪ ಕೊನೆಗೆ.

"ಹೌದ್ರಿ."

"ಅಲ್ಲೇ ಅಲ್ಲೇ ಅಂದ್ಲು."

ಮಾಲಾ ಅಳತೊಡಗಿದಳು.

"ನನಗ್ಯಾಕ ಹೇಳಬ್ಯಾಡ ಅಂದ್ಲು? ನಾ ಏನ ಬಡೀತಿದ್ನೇನ ಆಕೀನ್ನ?"

"ಇಲ್ಲ ಅಂದ್ರ ನೀವು ಹಳೇದ ನೆನಸ್ಕೋತೀರಿ ಅಂದ್ರು. ಆ ಕ್ಯಾಂಪಿಂದು. ಅದನ್ನ ಇನ್ನಾ ಮನಸಿನ್ಯಾಗ ಇಟ್ಕೊಂಡೇನಿ ಅಂತ ನಿಮಗ ಅನ್ನಸಬಾರದು ಅಂದ್ರು."

ಮಲಕಾಜಪ್ಪ ಪಟಕಾ ತೆಗೆದು ಮುಖಕ್ಕೆ ಒತ್ತಿಕೊಂಡ. ಹೆಗಲು ಅಲ್ಲಾಡುತ್ತಿತ್ತು. ನಲವತ್ತು ವರ್ಷ ಅವಳು ಅನ್ನದೆ ಬಿಟ್ಟ ಮಾತು ಅವನ ಮೈಮೇಲೆ ಒಮ್ಮೆಲೇ ಬಿದ್ದಿತ್ತು. ತಾನು ಕೊಂದಿಲ್ಲ ಎಂದು ಗೊತ್ತಾದರೆ ಹಗುರಾಗುತ್ತಾನೆಂದು ಮಾಲಾ ಎಣಿಸಿದ್ದಳು. ಹಗುರಾಗಲಿಲ್ಲ. ಅವನು ಮುಖ ಒರೆಸಿಕೊಂಡು ಕೇಳಿದ.

"ಹಾಕಿಸ್ಕೊಂಡಿದ್ರ ಉಳೀತಿದ್ಲೇನ?"

"ಗೊತ್ತಿಲ್ರಿ. ಉಳೀತಿದ್ರೋ ಏನೋ."

"ರಾಚವ್ವ ಉಳಿದ್ಲು."

"ಹೌದ್ರಿ."

"ಆಕೀಗೆ ತಿಳೀಲಿಲ್ಲ. ಆಕಿ ಅಂಜಿದ್ಲು, ಅಂಜುವಂಗ ನಾವ ಮಾಡಿದ್ವಿ. ನೀ ಸಾಲಿ ಕಲತಾಕಿ, ಊರಿಗೆಲ್ಲ ಬುದ್ಧಿ ಹೇಳಾಕಿ. ನೀ ಯಾಕ ಒಪ್ಪಿದಿ?"

ಅವನು ಇರುವೆ ಮುತ್ತಿದ ಹಳೆಯ ಬುತ್ತಿಯನ್ನು ಕೊಡವಿ, ಅವಳ ಕೈಗೆ ಕೊಟ್ಟು, ಮನೆಗೆ ಹೋಗು ಅಂದ.

ಅಂದಿನಿಂದ ಅವನು ಉಣ್ಣತೊಡಗಿದ, ಆದರೆ ಮಾಲಾ ಬಡಿಸಿದರೆ ಅಲ್ಲ. ಮಧು ತಾಟು ಹಚ್ಚಬೇಕು, ಮಧು ನೀರು ಕೊಡಬೇಕು. ಮಾಲಾ ರೊಟ್ಟಿ ಬಡಿದು ಒಲೆಯ ಬದಿಗೆ ಸಾಲಾಗಿ ಇಟ್ಟು, ಮೂಲೆಗೆ ಸರಿದು ನಿಲ್ಲುತ್ತಿದ್ದಳು. ಗುಳಿಗೆಯನ್ನೂ ಅವನು ಮೊಮ್ಮಗಳ ಕೈಯಿಂದಲೇ ನುಂಗುತ್ತಿದ್ದ. ಮಾಲಾ ದೂರದಿಂದ ನೋಡಿ, ಗಂಟಲಿಗೆ ಇಳಿಯಿತೆಂದು ಖಾತ್ರಿ ಮಾಡಿಕೊಂಡು, ತನ್ನ ಕೆಲಸಕ್ಕೆ ಹೋಗುತ್ತಿದ್ದಳು.

ಜುಲೈ ಹದಿನೈದರ ಸುಮಾರಿಗೆ ಎರಡನೆಯ ಸೂಜಿಯ ಕ್ಯಾಂಪು ಬಂತು. ಶಾಲೆಯ ವೆರಾಂಡದಲ್ಲಿ ಮಾಲಾ ಪುಸ್ತಕ ಬಿಚ್ಚಿ ಕೂತಳು, ಈ ಸಲ ಸೂಜಿ ಹಾಕುವ ಕುರ್ಚಿಯನ್ನೂ ಅಲ್ಲಿಯೇ ಇಟ್ಟಿದ್ದರು. ಹನ್ನೊಂದು ಗಂಟೆಯಾದರೂ ಸೂಜಿಗೆಂದು ಬಂದವರು ಮೂರು ಮಂದಿ. ಹೆಂಗಸರು ಬಂದಿದ್ದರು, ಆದರೆ ಅರಳಿ ಕಟ್ಟೆಯ ಹತ್ತಿರ ನಿಂತು ತಮಾಷೆ ನೋಡಲಿಕ್ಕೆ. ರಾಚವ್ವನೂ ಅಲ್ಲಿದ್ದಳು, ಸೆರಗು ಬಾಯಿಗೆ ಹಿಡಿದು.

ಆಗ ಮಲಕಾಜಪ್ಪ ಬಂದ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಒಗೆದ ಧೋತರ, ತಲೆಗೆ ಪಟಕಾ. ವೆರಾಂಡದ ಬೆಂಚಿನ ಮೇಲೆ ಕೂತ. ಮಾಲಾಳ ಕಡೆ ನೋಡಲಿಲ್ಲ. ಹೊಲದಿಂದ ಬಂದ ಮಾಂತೇಶ ಗೇಟಿನ ಹತ್ತಿರ ಟ್ರ್ಯಾಕ್ಟರ್ ನಿಲ್ಲಿಸಿ ಅಲ್ಲಿಯೇ ನಿಂತುಬಿಟ್ಟ.

ಇಂದ್ರವ್ವ ಸಿಸ್ಟರ್ ಮೊದಲ ಕ್ಯಾಂಪಿನ ನಂತರ ಈ ಊರಿಗೆ ಬಂದಿರಲಿಲ್ಲ, ಶಟ್ಟೆವ್ವ ಹೋದದ್ದು ಅವರಿಗೆ ಗೊತ್ತಿರಲಿಲ್ಲ. ಯಾರು ಬರುವುದಿದೆ ನೋಡೋಣವೆಂದು ಪುಸ್ತಕ ಎಳೆದುಕೊಂಡು ದೊಡ್ಡ ದನಿಯಲ್ಲಿ ಹೆಸರು ಓದತೊಡಗಿದರು. ಮಾಲಾ ಕೈ ಅಡ್ಡ ಹಿಡಿಯುವುದರೊಳಗೆ ಓದಿಬಿಟ್ಟರು.

"ಶಟ್ಟೆವ್ವ ಮಲಕಾಜಪ್ಪ. ಎರಡನೇ ಡೋಸ್."

ಕಟ್ಟೆಯ ಹತ್ತಿರದ ಹೆಂಗಸರೆಲ್ಲ ಇತ್ತ ತಿರುಗಿದರು.

"ಸತ್ತಾಕೀನ್ನ ಯಾಕ ಕರೀತೀರಿ ಬಾಯಾರ!" ರಾಚವ್ವ ಚೀರಿದಳು. "ಮದಲನೇದ್ದಕ್ಕ ಆಕೀನ್ನ ತಿಂದ್ರಿ, ಸಾಲಲಿಲ್ಲೇನ?"

ಮಲಕಾಜಪ್ಪ ಎದ್ದು ನಿಂತ. "ಆಕೀಗೆ ಮದಲನೇದ ಆಗಿಲ್ಲ" ಎಂದ.

"ಅಪ್ಪಾ" ಎಂದು ಮಾಂತೇಶ ಗೇಟಿನಿಂದ ಕೂಗಿದ. ಮುದುಕ ಅತ್ತ ತಿರುಗಲಿಲ್ಲ.

"ಆಕಿ ಹಾಕಿಸ್ಕೊಂಡಿಲ್ಲ. ಹಿಂದಿನ ಬಾಗಲಲೆ ಮನಿಗೆ ಹೋಗಿದ್ಲು. ನಮ್ಮ ಮನಿಯವರ ನಿಮಗೆಲ್ಲ ಸುಳ್ಳ ಹೇಳೀವಿ."

ಮಾಲಾ ಎದ್ದಳು. ಮೇಜು ಹಿಡಿದುಕೊಂಡಳು. "ಆಕಿ ಹೆಸರ ಮುಂದ ಟಿಕ್ ಹೊಡದಾಕಿ ನಾನ್ರಿ. ನನ್ನ ಕೆಲಸ ಉಳೀಲಿ ಅಂತ ಹೊಡದೆ."

ಇಂದ್ರವ್ವ ಸಿಸ್ಟರ್ ಅವಳನ್ನು ನೋಡಿದರು. "ಇದನ್ನ ನಾ ಮ್ಯಾಲ ಬರೀಬೇಕಾಗತೈತಿ ಮಾಲಾ" ಎಂದರು ಮೆತ್ತಗೆ.

"ಬರೀರಿ ಸಿಸ್ಟರ್."

ರಾಚವ್ವ ಕಟ್ಟೆ ಇಳಿದು ಬಂದಳು. ಮಾಲಾಳ ಕೆನ್ನೆಗೆ ಹೊಡೆಯುತ್ತಾಳೆಂದೇ ಎಲ್ಲರೂ ತಿಳಿದರು. ಹೊಡೆಯಲಿಲ್ಲ. ಅವಳ ಮುಂದೆ ಬಂದು ನಿಂತು ಬಾಯಿಬಿಟ್ಟು ಅತ್ತಳು.

"ನನ್ನ ಕೈ ಹಿಡದ ಎಳಕೊಂಡ ಬಂದ್ಲಲ್ಲವಾ! ಅಂಜಬುರಕಿ ಅಂದ್ಲು ನನಗ. ನಾವಿಬ್ಬರೂ ಒಂದ ವಾರ ಬಿದ್ವಿ, ನಾ ಎದ್ದೆ. ನನ್ನ ಉಳಿಸಿ ತಾ ಹೋದ್ಲಲ್ಲೋ ಯವ್ವಾ..."

ಕಟ್ಟೆಯ ಹೆಂಗಸರಲ್ಲಿ ಕೆಲವರು ಮಾಲಾಳನ್ನು ಬೈಯುತ್ತ ಮನೆಗೆ ಹೋದರು. ಕೆಲವರು ನಿಂತರು. ರಾಚವ್ವ ಮೂಗು ಒರೆಸಿಕೊಂಡು ಬೆಂಚಿನ ಮೇಲೆ ಮಲಕಾಜಪ್ಪನಿಂದ ಒಂದು ಮಾರು ದೂರ ಕೂತಳು. ಇಂದ್ರವ್ವ ಸಿಸ್ಟರ್ ಪುಸ್ತಕವನ್ನು ಮಾಲಾಳ ಕಡೆ ಸರಿಸಿದರು. ಶಟ್ಟೆವ್ವನ ಹೆಸರಿನ ಮೇಲೆ ಮಾಲಾ ಗೀಟು ಎಳೆದಳು. ಪೆನ್ನು ಒಂದೇ ಸಲಕ್ಕೆ ಮೂಡಲಿಲ್ಲ, ಎರಡು ಸಲ ಎಳೆಯಬೇಕಾಯಿತು.

ಮಲಕಾಜಪ್ಪ ಕುರ್ಚಿಗೆ ಬಂದು ಕೂತು ಅಂಗಿಯ ತೋಳು ಮೇಲಕ್ಕೆ ಮಡಚಿದ. ಹೊಲದಲ್ಲಿ ಬುತ್ತಿ ಕೊಡವಿದ ದಿನದಿಂದ ಅವನು ಸೊಸೆಗೆ ಒಂದು ಮಾತೂ ಆಡಿರಲಿಲ್ಲ. ಈಗ ಆಡಿದ.

"ನನ್ನ ಹೆಸರ ಬರಕೋ. ಚುಚ್ಚಿದ್ದ ನೋಡಿ ಬರಕೋ."

ಮಾಲಾ ಪೆನ್ನು ಕೆಳಗಿಟ್ಟಳು. ಸೂಜಿ ತೋಳಿನೊಳಗೆ ಹೋಗಿ ಹೊರಗೆ ಬರುವತನಕ ನೋಡಿದಳು. ಆಮೇಲೆ ಬರೆದಳು.